ನಲ್ಲಿ ಎಂದರೆ ನಲ್ಲಿಯಲ್ಲ

ಚೆನ್ನೈನಲ್ಲಿರುವ ಕನ್ನಡಿಗರಿಗೆ ಉದ್ದನೆಯ ಡ್ರೈವ್ ಎಂದರೆ ಸಾಮಾನ್ಯವಾಗಿ ಬೆಂಗಳೂರಿನ ದಾರಿ. ಹಬ್ಬಕ್ಕೆ ಹೋಗುವುದು, ಮದುವೆಗೆ ಹೋಗುವುದು, ಭಾನುವಾರ ಸಂಜೆ ಹೊಸೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ವಾಪಸ್ ಬರುವುದು. ಆದರೆ ಊರಿನ ಉತ್ತರಕ್ಕೆ ಹದಿನಾರನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಇದೆ. ಸಮುದ್ರವನ್ನು ಬಲಕ್ಕಿಟ್ಟುಕೊಂಡು ನೆಲ್ಲೂರು, ಒಂಗೋಲು, ವಿಜಯವಾಡ, ರಾಜಮಂಡ್ರಿ, ವಿಶಾಖಪಟ್ಟಣ ಮುಟ್ಟಿ ಕೋಲ್ಕತ್ತಾ ಕಡೆ ಹೋಗುತ್ತದೆ. ರಸ್ತೆ ಚೆನ್ನಾಗಿದೆ, ಊಟ ಇನ್ನೂ ಚೆನ್ನಾಗಿದೆ. ರಾತ್ರಿ ಎಲ್ಲಿ ಮಲಗುತ್ತೇವೆ ಅನ್ನುವುದೊಂದೇ ಅದೃಷ್ಟದ ಮಾತು.

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಹೊರಟಿದ್ದು ಅಮ್ಮನಿಗೋಸ್ಕರ. ನಮ್ಮ ಮನೆದೇವರು ನರಸಿಂಹ. ಅಪ್ಪ ಇದ್ದಾಗಲೇ ಇಬ್ಬರೂ ಮೇಲುಕೋಟೆ, ಅಹೋಬಿಲ ಎಲ್ಲ ಮುಗಿಸಿದ್ದರು. ಸಿಂಹಾಚಲ ಮಾತ್ರ ಬಾಕಿ. "ಮುಂದಿನ ವರ್ಷ ಹೋಗೋಣ" ಎಂದು ಅಪ್ಪ ನಾಲ್ಕು ವರ್ಷ ಹೇಳಿದರು, ಆಮೇಲೆ ಹೇಳಲು ಅವರೇ ಇರಲಿಲ್ಲ. ಕಡೂರಿನಿಂದ ಅಮ್ಮನನ್ನು ಕರೆಸಿಕೊಂಡು, ಹೆಂಡತಿ, ಏಳು ವರ್ಷದ ಮಗಳು, ನಾನು ಕಾರು ಹತ್ತಿದೆವು. ಹೋಗುವಾಗ ರಾಜಮಂಡ್ರಿಯಲ್ಲಿ ಒಂದು ರಾತ್ರಿ, ವಿಶಾಖಪಟ್ಟಣದಲ್ಲಿ ಎರಡು, ಬರುವಾಗ ವಿಜಯವಾಡದಲ್ಲಿ ಒಂದು. ಇದು ಪ್ಲ್ಯಾನ್.

ವಿಶಾಖಪಟ್ಟಣದಲ್ಲಿ ನಮ್ಮ ಹೋಟೆಲ್ ಆರ್‌ಕೆ ಬೀಚ್‌ನಿಂದ ಎರಡು ರಸ್ತೆ ಒಳಗೆ. ರೂಮು ಹಳೆಯದು. ಕಿಟಕಿಯ ಸರಳುಗಳಿಗೆ ತುಕ್ಕು, ಗೋಡೆಯ ಮೂಲೆಯಲ್ಲಿ ತೇವಕ್ಕೆ ಎದ್ದ ಸುಣ್ಣ, ಬಾತ್‌ರೂಮಿನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುವ ನಲ್ಲಿ. ಸಮುದ್ರದ ಪಕ್ಕ ಇದೆಲ್ಲ ಸಹಜ; ಉಪ್ಪುಗಾಳಿ ಕಬ್ಬಿಣವನ್ನೂ ಬಿಡುವುದಿಲ್ಲ, ಗೋಡೆಯನ್ನೂ ಬಿಡುವುದಿಲ್ಲ. ಆದರೆ ತೊಟ್ಟಿಕ್ಕುವ ಸದ್ದಿಗೆ ಅಮ್ಮನಿಗೆ ನಿದ್ದೆ ಬರುವುದಿಲ್ಲ. ನಾನು ಫೋನಿಗೆ ಕೈ ಹಾಕುವ ಮೊದಲೇ ಅವರು ಇಂಟರ್‌ಕಾಮ್ ಎತ್ತಿ, ಟಿವಿಯಲ್ಲಿ ಡಬ್ಬಿಂಗ್ ಸೀರಿಯಲ್ ನೋಡಿ ಕಲಿತ ಧೈರ್ಯದಲ್ಲಿ, "ರೂಮ್‌ಲೋ ನಲ್ಲಿ ಪ್ರಾಬ್ಲಂ" ಎಂದುಬಿಟ್ಟರು.

ಎರಡೇ ನಿಮಿಷಕ್ಕೆ ರೂಮ್‌ಬಾಯ್ ಓಡಿ ಬಂದ. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ, ಟಾರ್ಚ್ ಇತ್ತು. ಬಾತ್‌ರೂಮಿನ ಕಡೆ ತಿರುಗಿಯೂ ನೋಡದೆ ಸೀದಾ ಹಾಸಿಗೆ ಎತ್ತಿ, ಮಂಚದ ಸಂದಿಗಳಿಗೆಲ್ಲ ಬೆಳಕು ಬಿಟ್ಟು, ದಿಂಬುಗಳನ್ನು ತಿರುಗಿಸಿ, "ಮಾ ಹೋಟಲ್‌ಲೋ ನಲ್ಲುಲು ಲೇವು ಅಮ್ಮಾ!" ಎಂದು ಅವಮಾನವಾದವನ ಹಾಗೆ ನಿಂತ. ಅಮ್ಮ ಬಾತ್‌ರೂಮಿನತ್ತ ಬೆರಳು ತೋರಿಸಿದರು. ಅವನು ನೋಡಿದ. ಆಮೇಲೆ ನಕ್ಕಿದ್ದು ಎಷ್ಟು ಎಂದರೆ ಪಕ್ಕದ ರೂಮಿನವರು ಬಾಗಿಲು ತೆಗೆದರು.

ತೆಲುಗಿನಲ್ಲಿ ನಲ್ಲಿ ಎಂದರೆ ತಿಗಣೆ. ನಮ್ಮ ನಲ್ಲಿಗೆ ಅವರು ಕುಳಾಯಿ ಎನ್ನುತ್ತಾರೆ. ನಾವೂ ಕೊಳಾಯಿ ಎನ್ನುವುದುಂಟು, ಚೆನ್ನೈನಲ್ಲೂ ಹೆಚ್ಚುಕಮ್ಮಿ ಅದೇ ಮಾತು. ಮೂರು ಭಾಷೆಗೂ ಸಲ್ಲುವ ಪದ ಮನೆಯಲ್ಲೇ ಇತ್ತು, ಆ ಹೊತ್ತಿಗೆ ನಾಲಗೆಗೆ ಬಂದಿದ್ದು ಮಾತ್ರ ಇನ್ನೊಂದು. ಹುಡುಗ ಕಾಲು ಗಂಟೆಯಲ್ಲಿ ವಾಷರ್ ಬದಲಿಸಿ ಹೋದ. ಅಮ್ಮ ಹೊಸ ಪದವನ್ನು ಎರಡು ಸಲ ಬಾಯಲ್ಲೇ ಹೇಳಿಕೊಂಡು ಮಲಗಿದರು.

ಮಾರನೇ ದಿನ ಬೀಚ್ ರಸ್ತೆಯಲ್ಲಿ ದಡಕ್ಕೆ ಎಳೆದು ನಿಲ್ಲಿಸಿರುವ ಐಎನ್‌ಎಸ್ ಕುರ್ಸುರಾ ನೋಡಿದೆವು. 1969ರಲ್ಲಿ ನೌಕಾಪಡೆ ಸೇರಿದ ಜಲಾಂತರ್ಗಾಮಿ, 2001ರಲ್ಲಿ ನಿವೃತ್ತಿಯಾಗಿ ಮರುವರ್ಷದಿಂದ ಮ್ಯೂಸಿಯಂ ಆಗಿದೆ. ಒಳಗೆ ಬಗ್ಗಿಕೊಂಡೇ ನಡೆಯಬೇಕು. ಟಾರ್ಪೆಡೊಗಳ ಪಕ್ಕದಲ್ಲಿ ಒಂದರ ಮೇಲೊಂದು ಹಲಗೆಯಂಥ ಮಂಚಗಳು. ಮಗಳು ಹೊರಗೆ ಬಂದು, "ನಮ್ಮ ರೂಮು ತುಂಬಾ ದೊಡ್ಡದು ಅಲ್ವಾ ಅಪ್ಪ" ಎಂದಳು. ಹೋಟೆಲಿನ ರೂಮನ್ನು ಯಾವುದಕ್ಕೆ ಹೋಲಿಸಬೇಕು ಎಂದು ಅವಳಿಂದ ಕಲಿಯಬೇಕು.

ಸಿಂಹಾಚಲ ಬೆಟ್ಟಕ್ಕೆ ಮೂರನೇ ದಿನ ಬೆಳಗ್ಗೆ ಐದಕ್ಕೇ ಹೋದೆವು. ಇಲ್ಲಿನ ವರಾಹ ನರಸಿಂಹನಿಗೆ ವರ್ಷವಿಡೀ ಗಂಧದ ಲೇಪ. ನೋಡಿದರೆ ಲಿಂಗದ ಹಾಗೆ ಕಾಣುತ್ತದೆ. ಅಕ್ಷಯ ತೃತೀಯದಂದು ಮಾತ್ರ ಗಂಧ ತೆಗೆದು ನಿಜರೂಪ ದರ್ಶನ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟಿದೆ: ಕಳಿಂಗದ ದಂಡಯಾತ್ರೆಯಲ್ಲಿ ವಿಜಯನಗರದ ಕೃಷ್ಣದೇವರಾಯ ಇಲ್ಲಿಗೆ ಬಂದು ದೇವರಿಗೆ ಒಡವೆ ಒಪ್ಪಿಸಿದ್ದಾನೆ. 1516ರ ಅವನ ಶಾಸನ ದೇವಸ್ಥಾನದಲ್ಲಿದೆ. ಅಮ್ಮ ಗಂಧದ ದೇವರ ಎದುರು ಕೈಮುಗಿದು ತುಂಬಾ ಹೊತ್ತು ನಿಂತರು. ಅಪ್ಪನ ಬಾಕಿಯನ್ನೂ ಸೇರಿಸಿ ನಿಂತಿದ್ದರು ಅನ್ನಿಸಿತು. ಯಾರೂ ಮಾತಾಡಿಸಲಿಲ್ಲ.

ಸಿಂಹಾಚಲದಿಂದ ವಿಜಯವಾಡ ಸುಮಾರು 350 ಕಿಲೋಮೀಟರು. ಅನ್ನವರಂನಲ್ಲಿ ಸತ್ಯನಾರಾಯಣ ಸ್ವಾಮಿಯ ಗೋಧಿ ರವೆಯ ಪ್ರಸಾದ, ರಾಜಮಂಡ್ರಿ ಬಳಿ ಸಂಜೆ ಬೆಳಕಿನ ಗೋದಾವರಿ. ಎರಡು ಕಡೆ ನಿಲ್ಲಿಸಿದ್ದಕ್ಕೆ ವಿಜಯವಾಡ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಕನಕದುರ್ಗಮ್ಮನ ಭವಾನಿ ದೀಕ್ಷೆ ಮುಗಿಸಲು ಬಂದವರ ಕೆಂಪು ಬಟ್ಟೆಯೇ ಊರೆಲ್ಲ. ಆನ್‌ಲೈನ್‌ನಲ್ಲಿ 2,800 ರೂಪಾಯಿ ಕೊಟ್ಟು ಕಾದಿರಿಸಿದ ರೂಮು ಮೂರನೇ ಮಹಡಿಯಲ್ಲಿತ್ತು.

ಬಾಗಿಲು ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ. ಸ್ವಲ್ಪ ಅಲ್ಲ, ಮೂಗು ಉರಿಯುವಷ್ಟು. ಕಿಟಕಿ ತೆಗೆದರೆ ಎದುರಿಗೆ ಪೈಪುಗಳ ಕತ್ತಲೆ ಕೊಳವೆ. ಎಸಿಯ ಕೆಳಗೆ ಬಕೆಟ್ಟು. ಮಡಿಸಿದ ಟವೆಲ್ಲಿನ ಒಳಮಡಿಕೆಯಲ್ಲಿ ಯಾರದೋ ಕೂದಲು. ಇಷ್ಟನ್ನೂ ಸಹಿಸಬಹುದಿತ್ತು. ನನ್ನ ಹೆಂಡತಿ ಮಗಳನ್ನು ಹಾಸಿಗೆಗೆ ಹತ್ತಲು ಬಿಡದೆ, ಬ್ಯಾಗುಗಳನ್ನೆಲ್ಲ ಬಾತ್‌ರೂಮಿನ ಟೈಲ್ಸಿನ ಮೇಲೆ ಇಡಿಸಿ, ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿದಳು. ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಅವುಗಳ ನಡುವೆ ಒಂದು ಚುಕ್ಕೆ ನಡೆಯತೊಡಗಿತು.

"ದೇವರು ಅಲ್ಲಿ ನಿಜರೂಪ ತೋರಿಸಲಿಲ್ಲ, ಇಲ್ಲಿ ರೂಮು ತೋರಿಸ್ತು" ಎಂದರು ಅಮ್ಮ. ಅದರ ಬೆನ್ನಿಗೇ, "ಒಂದ್ ರಾತ್ರಿ ತಾನೇ ಕಣೋ. ಲೈಟ್ ಹಾಕ್ಕೊಂಡು ಮಲಗಿದ್ರಾಯ್ತು. ನಮ್ ಕಾಲದಲ್ಲಿ ಯಾವ ಮನೇಲಿ ತಿಗಣೆ ಇರ್ಲಿಲ್ಲ?"

ಅದೂ ನಿಜವೇ. ಭಾನುವಾರ ಮಂಚವನ್ನು ಅಂಗಳಕ್ಕೆ ತಂದು ಕುದಿಯುವ ನೀರು ಹುಯ್ಯುವುದು, ಟಿಕ್ 20 ಹೊಡೆದು ದಿನವಿಡೀ ಹೊರಗೆ ಕೂರುವುದು, ಟೂರಿಂಗ್ ಟಾಕೀಸಿನ ಬೆಂಚಿನಿಂದ ಮನೆಗೆ ತಿಗಣೆ ತರುವುದು, ಇವೆಲ್ಲ ಅವರ ತಲೆಮಾರಿಗೆ ಮಾಮೂಲು. ನಮ್ಮ ತಲೆಮಾರೂ ಕೆಲಸ ಹುಡುಕುವ ಕಾಲದಲ್ಲಿ ಪಿಜಿಗಳಲ್ಲಿ ಬೇಕಾದಷ್ಟು ಕಚ್ಚಿಸಿಕೊಂಡಿದೆ. ತಿಗಣೆಯಿಂದ ರೋಗ ಹರಡುತ್ತದೆ ಎಂದೇನೂ ಇಲ್ಲ. ಆದರೆ ಅದು ಬಟ್ಟೆಯ ಮಡಿಕೆಯಲ್ಲಿ ಕೂತು ನಮ್ಮ ಮನೆಗೆ ಬರುತ್ತದೆ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ರಾತ್ರಿಯ ಅಡ್ಜಸ್ಟ್‌ಮೆಂಟ್ ಒಂದು ರಾತ್ರಿಗೆ ಮುಗಿಯುವುದಿಲ್ಲ.

ವಿಡಿಯೊ ಮಾಡಿಕೊಂಡು ನಾನು ಕೆಳಗೆ ಹೋದೆ. ಕೌಂಟರಿನಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಬೇರೆ ಮಹಡಿಯಲ್ಲಿ ರೂಮು ಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಫುಲ್ ಸರ್, ಭವಾನಿ ರಷ್" ಎಂದ. ವಿಡಿಯೊ ತೋರಿಸಿದೆ. ಅದು ಸೊಳ್ಳೆ ಎಂದ. ಬುಕಿಂಗ್ ಆ್ಯಪಿನ ಸಹಾಯವಾಣಿಯಲ್ಲಿ ಯಂತ್ರವೊಂದು ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿತ್ತು. ಅಷ್ಟರಲ್ಲಿ ಲಿಫ್ಟಿನಿಂದ ಅಮ್ಮ ಇಳಿದು ಬಂದರು. ಕೌಂಟರಿನ ಮೇಲೆ ಎರಡೂ ಕೈ ಊರಿ, "ನಾಯನಾ, ಮಾ ರೂಮ್‌ಲೋ ನಲ್ಲುಲು ಉನ್ನಾಯಿ. ಕುಳಾಯಿ ಕಾದು, ನಲ್ಲುಲು!" ಎಂದರು.

ಹುಡುಗನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸುಳ್ಳು ಮುಂದುವರಿಸಲೂ ಆಗಲಿಲ್ಲ. ಅಂಗಿಯ ತೋಳು ಮೇಲಕ್ಕೆ ಸರಿಸಿ ತೋರಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಾಲಾಗಿ ಕೆಂಪು ದದ್ದು. ಅವನು ಮಲಗುವುದು ಲಾಬಿಯ ಸೋಫಾದ ಮೇಲಂತೆ. ಮಾಲೀಕರಿಗೆ ಮೂರು ಸಲ ಹೇಳಿದ್ದಾನಂತೆ; ಸೀಸನ್ ಮುಗಿಯಲಿ ಎಂದಿದ್ದಾರಂತೆ. ಅವನ ಊರು ಉತ್ತರದ ಶ್ರೀಕಾಕುಳಂ ಜಿಲ್ಲೆ. ಇದು ಬಿಟ್ಟರೆ ಚೆನ್ನೈಗೆ ಹೋಗಿ ಕಟ್ಟಡದ ಕೆಲಸ ಎಂದ. ನಾವು ಚೆನ್ನೈಯವರು ಎಂದು ಹೇಳಲು ಆ ಕ್ಷಣ ನನಗೆ ಬಾಯಿ ಬರಲಿಲ್ಲ.

ಹೋಟೆಲಿಗೆ ತಿಗಣೆ ಬರುವುದು ಯಾರ ತಪ್ಪೂ ಅಲ್ಲ. ಅದು ಗಿರಾಕಿಗಳ ಪೆಟ್ಟಿಗೆಯಲ್ಲೇ ಬರುತ್ತದೆ, ದುಬಾರಿ ಹೋಟೆಲಿಗೂ ಬರುತ್ತದೆ. ಗೊತ್ತಿದ್ದೂ ಆ ರೂಮಿನ ಕೀಲಿ ಕೊಡುವುದು ತಪ್ಪು. ವಿಶಾಖಪಟ್ಟಣದ ರೂಮು ಹಳೆಯದಾಗಿತ್ತು, ಆದರೆ ತಿಗಣೆ ಎಂಬ ಮಾತು ಕಿವಿಗೆ ಬಿದ್ದರೇ ಓಡಿ ಬರುವವರು ಅಲ್ಲಿದ್ದರು. ವಿಜಯವಾಡದ ರೂಮಿನ ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಹಳೆಯದಾಗುವುದು ಬೇರೆ, ಕೈಬಿಟ್ಟದ್ದು ಬೇರೆ. ಕೈಬಿಟ್ಟವರು ಮಾತ್ರ ಕೌಂಟರಿನಲ್ಲಿ ಇರುವುದಿಲ್ಲ. ನಮ್ಮ ಸಿಟ್ಟು ಸಿಗುವುದು ಅದೇ ತಿಗಣೆಯಿಂದ ಕಚ್ಚಿಸಿಕೊಂಡ ಇನ್ನೊಬ್ಬನಿಗೆ.

ಮಾಲೀಕರು ಫೋನ್ ಎತ್ತಲಿಲ್ಲ. ಹುಡುಗ ಆ ರಸ್ತೆಯ ನೈಟ್ ಡ್ಯೂಟಿಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಎರಡು ಕಟ್ಟಡ ಆಚೆ ಎಸಿ ಇಲ್ಲದ ರೂಮು, 1,400 ರೂಪಾಯಿ. ಹೆಂಡತಿ ಹೋಗಿ ಹಾಸಿಗೆ ಎತ್ತಿ ನೋಡಿ ಬಂದಳು. ಹೊರಡುವ ಮೊದಲು ರಿಜಿಸ್ಟರಿನಲ್ಲಿ, ತಿಗಣೆ ಇದ್ದ ಕಾರಣ ರಾತ್ರಿ 10.55ಕ್ಕೆ ರೂಮು ಖಾಲಿ ಮಾಡಿದರು ಎಂದು ಬರೆದುಕೊಡಲು ಕೇಳಿದೆ. ಪೆನ್ನು ಹಿಡಿದು ಯೋಚಿಸಿದ. "ನಿನ್ನ ಹೆಸರು ಬೇಡಪ್ಪ, ಹೋಟೆಲಿನ ಸೀಲು ಸಾಕು" ಎಂದರು ಅಮ್ಮ, ಅಪ್ಪಟ ಕನ್ನಡದಲ್ಲಿ. ಅವನಿಗೆ ಅರ್ಥವಾಯಿತು. ಬರೆದು ಸೀಲು ಹಾಕಿದ.

ಆ ಪುಟದ ಫೋಟೊ, ಆ ವಿಡಿಯೊ, ಎರಡು ಬಿಲ್ಲು ಕಳಿಸಿದ್ದಕ್ಕೆ ಒಂಬತ್ತನೇ ದಿನ ಪೂರ್ತಿ ಹಣ ಬಂತು. ಬರದಿದ್ದರೂ ದಾರಿಯಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೋಟೆಲ್ ಯಾವ ಊರಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು, ಮನೆಯಲ್ಲಿ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದೆವು. ಆ ಬಿಸಿಗೆ ಹುಳುವೂ ಉಳಿಯುವುದಿಲ್ಲ, ಮೊಟ್ಟೆಯೂ ಉಳಿಯುವುದಿಲ್ಲ.

ವಿಮರ್ಶೆ ಬರೆಯುವಾಗ ಮನೆಯಲ್ಲಿ ಚರ್ಚೆಯಾಯಿತು. ರೂಮ್ ನಂಬರ್, ತಾರೀಕು, ಹಾಸಿಗೆಯ ಚಿತ್ರ ಹಾಕಿದೆವು. ಸಿಬ್ಬಂದಿ ಸಹಾಯ ಮಾಡಿದರು ಎಂದಷ್ಟೇ ಬರೆದು, ಏನು ಹೇಳಿದರು ಎಂಬುದನ್ನು ಬಿಟ್ಟೆವು. ಅವನು ತೋಳು ತೋರಿಸಿದ್ದು ಅಮ್ಮನಿಗೆ, ಇಂಟರ್‌ನೆಟ್ಟಿಗಲ್ಲ.

ಮರುದಿನ ಬೆಳಗ್ಗೆ ಪ್ರಕಾಶಂ ಬ್ಯಾರೇಜಿನ ಮೇಲೆ ಕೃಷ್ಣೆಯನ್ನು ದಾಟಿ ಉಂಡವಲ್ಲಿ ಗುಹೆಗಳಿಗೆ ಹೋದೆವು. 1957ರಲ್ಲಿ ಮುಗಿದ ಬ್ಯಾರೇಜು. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನೀರು ಇಲ್ಲಿಂದ ಮುಂದೆ ಸಮುದ್ರಕ್ಕೆ. ಇದೇ ನದಿಯ ಕೆಳದಾರಿಯಲ್ಲಿ ಇನ್ನೊಂದು ಶ್ರೀಕಾಕುಳಂ ಇದೆ, ಆಂಧ್ರವಿಷ್ಣುವಿನ ಗುಡಿಯಿರುವ ಹಳ್ಳಿ. ಕಳಿಂಗದ ದಾರಿಯಲ್ಲಿ ಕೃಷ್ಣದೇವರಾಯ ವಿಜಯವಾಡದಲ್ಲಿ ಕೆಲವು ದಿನ ತಂಗಿ, ಆ ಹಳ್ಳಿಗೆ ಹೋಗಿ ಏಕಾದಶಿ ಉಪವಾಸವಿದ್ದು ಮಲಗಿದಾಗ, ಬೆಳಗಿನ ಜಾವ ದೇವರು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆ ಎಂದನಂತೆ. 'ಆಮುಕ್ತಮಾಲ್ಯದ'ದ ಆರಂಭದಲ್ಲಿ ರಾಯನೇ ಇದನ್ನು ಹೇಳಿಕೊಂಡಿದ್ದಾನೆ.

ಇದನ್ನು ಹೇಳಿದಾಗ ಅಮ್ಮ, ಉಂಡವಲ್ಲಿಯ ಮೇಲಂತಸ್ತಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಮಲಗಿದ ವಿಷ್ಣುವನ್ನು ತೋರಿಸಿ, "ಒಳ್ಳೆ ಹಾಸಿಗೆ ಸಿಕ್ಕಿದ್ರೆ ಕನಸು ಬೀಳತ್ತಪ್ಪ" ಎಂದರು. ಆಮೇಲೆ ಮೊಮ್ಮಗಳ ಕೈಹಿಡಿದು, ಕಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತಾ ಇಳಿದರು. ಎಣಿಕೆ ತೆಲುಗಿನಲ್ಲಿತ್ತು.