ಕೋರ್ಟ್ ಡೈರಿ – ಭಾಗ 7: ಇಬ್ಬರ ಸಿಟ್ಟು, ಅಜ್ಜಿಗೆ ಇನ್ನೊಂದು ಡೇಟು

ಇಂಟರ್ನ್‌ಶಿಪ್‌ನ ಮೂರನೇ ವಾರ. ಜಮೀನಿನ ಪಾಲಿನ ಕೇಸು. ಕಟಕಟೆಯಲ್ಲಿ ನಮ್ಮ ಕಡೆಯ ಅಜ್ಜಿ, ಪಾಟೀಸವಾಲು ನಡೀತಿತ್ತು. ಎದುರು ವಕೀಲರು ಕೇಳಿದ ಒಂದು ಪ್ರಶ್ನೆಗೆ ನಮ್ಮ ಸೀನಿಯರ್ ಅಬ್ಜೆಕ್ಷನ್ ಎತ್ತಿದ್ರು. ಅವರು ನಕ್ಕರು. ಅಷ್ಟೇ ಸಾಕಾಯ್ತು. ಸೀನಿಯರ್ ಫೈಲನ್ನು ಟೇಬಲ್ ಮೇಲೆ ಕುಕ್ಕಿ, "ಯಾರಯ್ಯ ನಿಂಗೆ ಲಾ ಕಲಿಸಿದ್ದು?" ಅಂದುಬಿಟ್ರು. ಅವರೇನು ಸುಮ್ಮನಿರ್ತಾರಾ? ಇಬ್ಬರೂ ಏಕವಚನಕ್ಕೆ ಇಳಿದ್ರು. ಜಡ್ಜ್ ಎರಡು ಸಲ ಹೇಳಿದ್ರೂ ನಿಲ್ಲಲಿಲ್ಲ. ಕೊನೆಗೆ ಕೇಸನ್ನು ಮುಂದಿನ ತಿಂಗಳಿಗೆ ಹಾಕಿದ್ರು.

ಹೊರಗೆ ಅಜ್ಜಿ ನನ್ನ ಕೈ ಹಿಡಿದು ಕೇಳಿದ್ರು, "ನಾನೇನಾರ ತಪ್ಪು ಹೇಳಿದ್ನೇನಪ್ಪ?"

ಎರಡು ಬಸ್ ಬದಲಾಯಿಸಿ ಬಂದಿದ್ದವರು. ಏನು ಹೇಳಬೇಕೋ ತೋಚಲಿಲ್ಲ.

ಪ್ರೊಫೆಷನಲ್ ಎಥಿಕ್ಸ್ ಪೇಪರ್‌ಗೆ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲ ಅಂದ್ರೆ ಕಕ್ಷಿದಾರನ ಬರೀ ಬಾಯಿ ಅಲ್ಲ. ವಾದ ಮಾಡುವಾಗ ನಾಲಿಗೆ ಹಿಡಿತದಲ್ಲಿರಬೇಕು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ದುರ್ನಡತೆ ಸಾಬೀತಾದ್ರೆ ವಾಗ್ದಂಡನೆ, ಸಸ್ಪೆನ್ಷನ್, ಕೊನೆಗೆ ಪಟ್ಟಿಯಿಂದ ಹೆಸರನ್ನೇ ತೆಗೆಯುವುದು. ಪರೀಕ್ಷೆಗೆ ಹತ್ತು ಮಾರ್ಕ್ಸಿನ ಉತ್ತರ ಇದು. ಆದ್ರೆ ಯಾರೂ ದೂರು ಕೊಡದ ಇಂಥ ಸಿಟ್ಟಿಗೆ ದಂಡ ಕಟ್ಟೋದು ಅಜ್ಜಿ. ಒಂದು ತಿಂಗಳು, ಮತ್ತೆ ಎರಡು ಬಸ್ಸು, ಮತ್ತೆ ಅದೇ ಕಟಕಟೆ.

ಇಷ್ಟು ಹೇಳಿ ನಿಲ್ಲಿಸಿದ್ರೆ ನಾನು ಒಳ್ಳೆಯವನ ಹಾಗೆ ಕಾಣ್ತೀನಿ. ಆದ್ರೆ ಕಥೆ ಮುಗಿದಿಲ್ಲ.

ಅದೇ ಮಧ್ಯಾಹ್ನ ಸೀನಿಯರ್ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ದಾಖಲೆಯ ಒಂದು ಪುಟ ಕಾಣಿಸ್ತಿರಲಿಲ್ಲ. ಕಕ್ಷಿದಾರರ ಎದುರಿಗೇ ಬೈಸಿಕೊಂಡು ಜೆರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿ ಅಣ್ಣ "ಎರಡು ನಿಮಿಷ ಇರಿ ಸರ್" ಅಂದ್ರು. ನಾನು ಕಿರುಚಿದೆ. "ಒಂದು ಪುಟ ತೆಗೆಯೋಕೂ ಬರಲ್ವಾ ನಿಂಗೆ?" ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ಏಕವಚನ!

ಅವರು ತಿರುಗಿ ಏನೂ ಅನ್ನಲಿಲ್ಲ. ಪುಟ ಕೊಟ್ಟು ಚಿಲ್ಲರೆ ಎಣಿಸಿದ್ರು. ಕರಿಕೋಟು ಇನ್ನೂ ಹಾಕಿಲ್ಲ, ಅದರ ಸಿಟ್ಟು ಮಾತ್ರ ಆಗಲೇ ಬಂದಿತ್ತು.

ಮರುದಿನ ಹೋಗಿ, "ಅಣ್ಣಾ, ನಿನ್ನೆ ತಪ್ಪಾಯ್ತು" ಅಂದೆ. ಅವರು ನಕ್ಕು, "ಇಲ್ಲಿ ದಿನಾ ಇದ್ದಿದ್ದೇ ಸರ್. ಆದ್ರೆ ವಾಪಸ್ ಬಂದು ಹೇಳಿದೋರು ಕಮ್ಮಿ" ಅಂದ್ರು.

ಸೀನಿಯರ್‌ಗೆ ಬುದ್ಧಿ ಹೇಳೋ ಧೈರ್ಯ ನನಗಿನ್ನೂ ಇಲ್ಲ. ಅವರ ಸಿಟ್ಟನ್ನು ನನ್ನಿಂದ ಮುಂದಕ್ಕೆ ದಾಟಿಸದೆ ಇರೋದು ಮಾತ್ರ ನನ್ನ ಕೈಲಿದೆ. ಮುಂದಿನ ತಿಂಗಳು ಅಜ್ಜಿ ಬರ್ತಾರೆ. ಬಸ್ ಸ್ಟ್ಯಾಂಡಿಗೆ ಹೋಗಿ ಕರ್ಕೊಂಡು ಬರ್ತೀನಿ.

ನಿಮಗೂ ಹೀಗಾಗಿದ್ಯಾ? ಬೈಸಿಕೊಂಡಿದ್ದಲ್ಲ, ಬೈದಿದ್ದು. ಹೆಸರು ಬೇಡ, ಘಟನೆ ಮಾತ್ರ ಕಾಮೆಂಟ್‌ನಲ್ಲಿ ಬರೀರಿ.

#ಕೋರ್ಟ್‌ಡೈರಿ #ಲಾಸ್ಟೂಡೆಂಟ್