ಸಿ.ಎಸ್. ಪುರದ ಗೊಂಬೆ ಸಾಲಿನಲ್ಲಿ ಕೆಂಪು ಸವಾರರು

ಗುಬ್ಬಿ ಬಿಟ್ಟು ಸಿ.ಎಸ್. ಪುರದ ದಾರಿ ಹಿಡಿದರೆ ಎರಡೂ ಮಗ್ಗುಲಿಗೆ ತೆಂಗು, ಅಡಿಕೆ, ಅವುಗಳ ನಡುವೆ ರಾಗಿ ಹೊಲ. ನವರಾತ್ರಿಯ ದಿನಗಳು. ಬಸ್ಸಿನಲ್ಲಿದ್ದವರೆಲ್ಲ ಹಬ್ಬದ ಸಾಮಾನು ಹಿಡಿದು ಊರಿಗೆ ಹೊರಟಿದ್ದರು. ನಾನು ಹೊರಟಿದ್ದು ಪ್ಲಾಸ್ಟಿಕ್ ಸಿಪಾಯಿಗಳನ್ನು ಹುಡುಕಿಕೊಂಡು.

ಆಟದ ಸಿಪಾಯಿಗಳನ್ನು ಕೂಡಿಡುವ ಗೀಳು ನನಗೆ ಹತ್ತಿ ಬಹಳ ಕಾಲವಾಯಿತು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು. ಅಮೆರಿಕದಲ್ಲಿ 1938ರಲ್ಲಿ ಪ್ಲಾಸ್ಟಿಕ್ ಸಿಪಾಯಿ ಬಂದ. 1959ರಲ್ಲಿ ಏರ್‌ಫಿಕ್ಸ್‌ನವರು ಹೆಬ್ಬೆರಳ ಅರ್ಧದಷ್ಟೂ ಇಲ್ಲದ ಬ್ಯಾಂಡಿನವರನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದರು. ಏರ್‌ಫಿಕ್ಸ್ ಕಟ್ಟಿದ ನಿಕೊಲಸ್ ಕೋವ್ ಹಂಗೆರಿಯಿಂದ ಬಂದವನು, ಮೊದಲು ಗಾಳಿ ತುಂಬುವ ರಬ್ಬರ್ ಆಟಿಕೆ ಮತ್ತು ಬಾಚಣಿಗೆ ಮಾಡುತ್ತಿದ್ದವನು. ಇವೆಲ್ಲ ಗೊತ್ತಿದ್ದ ಊರಿನ ಗೊತ್ತಿದ್ದ ಜನ. ನನ್ನ ಎದೆ ಹೊಡೆದುಕೊಳ್ಳುವುದು ಯಾರೂ ನೆನೆಸದ ದೇಶದ ಸಿಪಾಯಿ ಕೈಗೆ ಸಿಕ್ಕಾಗ: ಸ್ಪೇನಿನ ರೆಯಾಮ್ಸಾ, ಹೆಕ್ಸಾನ್, ಅಮೆರಿಕದ ಲೂಯಿ ಮಾರ್ಕ್ಸ್ ಕಂಪನಿಯ ನೆಂಟಸ್ತಿಕೆಯಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದ ಪ್ಲಾಸ್ಟಿಮಾರ್ಕ್ಸ್.

ಈ ಪುಟ್ಟ ಜೀವಗಳು ದೇಶ ದಾಟುವ ಬಗೆಯೇ ಒಂದು ವಿಸ್ಮಯ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಎರಡು ಹೋಳಿನ ಅಚ್ಚಿಗೆ ಒತ್ತಿ ತುಂಬುತ್ತಾರೆ; ಹೋಳುಗಳು ಕೂಡಿದ ಗೆರೆ ಸಿಪಾಯಿಯ ಹೆಗಲು, ಪಕ್ಕೆ, ಬೂಟಿನ ಮೇಲೆ ಉಳಿದುಬಿಡುತ್ತದೆ. ಕಂಪನಿ ಮುಚ್ಚಿದರೂ ಅಚ್ಚು ಸಾಯುವುದಿಲ್ಲ, ಮತ್ತೊಂದು ದೇಶಕ್ಕೆ ಮಾರಾಟವಾಗಿ ಅಲ್ಲಿ ಮತ್ತೆ ಹೆರಲು ಶುರುಮಾಡುತ್ತದೆ. ಅಚ್ಚು ಸಿಗದವರು ಸಿಪಾಯಿಯಿಂದಲೇ ಹೊಸ ಅಚ್ಚು ತೆಗೆಯುತ್ತಾರೆ. ಪ್ಲಾಸ್ಟಿಕ್ಕು ಆರುವಾಗ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದಲ್ಲ, ಹಾಗಾಗಿ ನಕಲಿನ ಸಿಪಾಯಿ ಮೂಲದವನಿಗಿಂತ ಕೂದಲೆಳೆಯಷ್ಟು ಗಿಡ್ಡ, ನಕಲಿನ ನಕಲು ಇನ್ನೂ ಗಿಡ್ಡ. ಮೂಗು ಚಪ್ಪಟೆಯಾಗುತ್ತದೆ, ಕೋಟಿನ ಗುಂಡಿ ಅಳಿಯುತ್ತದೆ, ಬಂದೂಕು ಕೋಲಾಗುತ್ತದೆ. ಒಂದೇ ಭಂಗಿಯ ನಾಲ್ಕು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದರೆ ತಾತನಿಂದ ಮರಿಮಗನವರೆಗೆ ವಂಶವನ್ನೇ ಓದಬಹುದು.

ಸಿಪಾಯಿ, ಕುದುರೆ, ಆನೆ ಎಂದರೆ ಗುಬ್ಬಿ ಸೀಮೆಗೆ ಹೊಸದೇನಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಏರಿಸಿದವರು.  

ಸಿ.ಎಸ್. ಪುರದಲ್ಲಿ ಇಳಿದವನು ಮೊದಲು ಹೊಕ್ಕಿದ್ದು ಒಂದು ಫ್ಯಾನ್ಸಿ ಸ್ಟೋರು. ಬಳೆ, ರಿಬ್ಬನ್ನು, ಪೆನ್ನುಗಳ ಮೇಲೆ ದಾರಕ್ಕೆ ಪೋಣಿಸಿದ ಆಟಿಕೆ ಪ್ಯಾಕೆಟ್ಟುಗಳು ತೂಗುತ್ತಿದ್ದವು. ಅವುಗಳಲ್ಲಿ ಒಂದು, ಹಸಿರು ಸಿಪಾಯಿಗಳದು.

“ಮೊದ್ಲು ಚೈನಾ ಮಾಲು ಬರೋದು ಸಾರ್, ಈಗಿಲ್ಲ,” ಎಂದರು ಅಂಗಡಿಯವರು.

ಅದು ಅವರ ಅಂಗಡಿಯ ಮಾತಷ್ಟೇ ಅಲ್ಲ. 2020ರಲ್ಲಿ ಆಟಿಕೆ ಆಮದಿನ ಸುಂಕ ಶೇ. 20ರಿಂದ 60ಕ್ಕೆ ಏರಿತು, 2021ರಿಂದ ಐಎಸ್‌ಐ ಗುರುತು ಇಲ್ಲದೆ ಆಟಿಕೆ ಮಾರುವಂತಿಲ್ಲ ಎಂದಾಯಿತು. ನಮ್ಮ ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕಾರ್ಖಾನೆಗಳಿಗೆಂದೇ 400 ಎಕರೆಯ ಕ್ಲಸ್ಟರ್ ಎದ್ದಿದೆ. ಕಿನ್ನಾಳದ ಮರದ ಗೊಂಬೆಗಳ ಜಿಲ್ಲೆ ಅದು. ಪ್ಯಾಕೆಟ್ಟು ಬಿಚ್ಚಿ ಒಬ್ಬನನ್ನು ಬೆಳಕಿಗೆ ಹಿಡಿದೆ. ಮೊಣಕಾಲೂರಿ ಗುರಿಯಿಟ್ಟವನು, ಹೆಲ್ಮೆಟ್ಟು ಎರಡನೇ ಮಹಾಯುದ್ಧದ ಅಮೆರಿಕದವರದು. ಮುಖದಲ್ಲಿ ಕಣ್ಣು ಮೂಗು ಒಂದೂ ಉಳಿದಿಲ್ಲ. ಎಷ್ಟು ಅಚ್ಚುಗಳನ್ನು ದಾಟಿ ಇಲ್ಲಿಗೆ ಬಂದೆಯಪ್ಪಾ ಎಂದು ಅವನನ್ನೇ ಕೇಳುವ ಹಾಗಾಯಿತು.

ಆದರೆ ನಾನು ಬಂದದ್ದು ಇವನಿಗಾಗಿ ಅಲ್ಲ. ಈ ಕಡೆಯವರಾದ ನನ್ನ ಗೆಳೆಯ ಮೇಷ್ಟ್ರೊಬ್ಬರು, “ನಮ್ಮ ಪಕ್ಕದ ಮನೇಲಿ ಗೊಂಬೆ ಕೂರಿಸ್ತಾರೆ. ಅದರಲ್ಲಿ ವಿಚಿತ್ರ ಟೋಪಿ ಹಾಕ್ಕೊಂಡಿರೋ ಸಿಪಾಯಿಗಳಿದಾವೆ, ಬಂದು ನೋಡಿ,” ಎಂದಿದ್ದರು.

ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಏಳು ಮೆಟ್ಟಿಲು. ತುದಿಯಲ್ಲಿ ಕಲಶ, ಅದರ ಎರಡು ಮಗ್ಗುಲಲ್ಲಿ ಪಟ್ಟದ ಗೊಂಬೆಗಳು. ರಾಜ ರಾಣಿ ಇಬ್ಬರಿಗೂ ರೇಷ್ಮೆ ಚೂರಿನ ಉಡುಗೆ. ಕೆಳಗೆ ದಶಾವತಾರ, ಶೆಟ್ಟಿ ದಂಪತಿ, ಅಕ್ಕಿ ಬೇಳೆಯ ಅಂಗಡಿ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ. ಮಣ್ಣಿನ ಆನೆ, ಅದರ ಮೇಲೆ ಬಂಗಾರದ ಕಾಗದ ಸುತ್ತಿದ ಅಂಬಾರಿ. ಆನೆಯ ಮುಂದೆ ಸಾಲಾಗಿ ಕೆಂಪು ಪ್ಲಾಸ್ಟಿಕ್ಕಿನ ಕುದುರೆ ಸವಾರರು. ಕೈಯಲ್ಲಿ ಹಿರಿದ ಕತ್ತಿ. ತಲೆಯ ಮೇಲೆ ಗೋಪುರದಂತೆ ಚೂಪಾದ ಬಟ್ಟೆಯ ಟೋಪಿ, ಹಣೆಯ ನೇರಕ್ಕೆ ಐದು ಮೂಲೆಯ ನಕ್ಷತ್ರ.

ನನಗೆ ಉಸಿರೇ ನಿಂತಂತಾಯಿತು. ಅದು ಬುಡ್ಯೋನೊವ್ಕ! 1919ರಲ್ಲಿ ಕಟ್ಟಿದ, ರಷ್ಯಾದ ಸೇನಾನಿ ಬುಡ್ಯೋನಿಯ ಕುದುರೆ ಸೈನ್ಯದಿಂದ ಹೆಸರು ಪಡೆದ, ಕೆಂಪು ಸೇನೆಯ ಟೋಪಿ. ಸೋವಿಯತ್ ಒಕ್ಕೂಟದ ಸವಾರರು ಸಿ.ಎಸ್. ಪುರದಲ್ಲಿ ಮೈಸೂರು ಮಹಾರಾಜರ ಅಂಬಾರಿಗೆ ಮುಂಗಾವಲಾಗಿ ನಡೆದಿದ್ದರು.

“ಮುಟ್ಟಬಹುದಾ ಅಮ್ಮ?” ಎಂದೆ.

“ಮುಟ್ಟಪ್ಪ, ಅದಕ್ಕೇನು. ಆನೇಗೆ ಮಾತ್ರ ತಗುಲಿಸ್ಬೇಡ, ಸೊಂಡ್ಲು ಅಂಟಿಸಿರೋದು,” ಎಂದರು ಮನೆಯ ಹಿರಿಯಮ್ಮ.

ಒಬ್ಬ ಸವಾರನನ್ನು ಮಗುಚಿ ನೋಡಿದೆ. ಪೀಠದ ಅಡಿಯಲ್ಲಿ ಉಬ್ಬಕ್ಷರದ ರಷ್ಯನ್ ಲಿಪಿ, ಪಕ್ಕದಲ್ಲಿ ಬೆಲೆ, ಕೊಪೆಕ್ ಲೆಕ್ಕದಲ್ಲಿ. ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿ ದೇಶಕ್ಕೆಲ್ಲ ಒಂದೇ ಆಗಿದ್ದ ಕಾಲ ಅದು. ಚೀಟಿ ಅಂಟಿಸುವ ಗೋಜೇ ಇಲ್ಲದೆ, ಚಮಚದಿಂದ ಆಟಿಕೆಯವರೆಗೆ ಎಷ್ಟೋ ಸಾಮಾನಿನ ಮೈಮೇಲೆ ಬೆಲೆಯನ್ನೇ ಅಚ್ಚೊತ್ತುತ್ತಿದ್ದರು. ಆ ದೇಶ 1991ರಲ್ಲಿ ಇಲ್ಲವಾಯಿತು. ಅದು ಕಟ್ಟಿದ ಬೆಲೆ ಮಾತ್ರ ಈ ನಡುಮನೆಯಲ್ಲಿ ಒಂದಕ್ಷರವೂ ಸವೆಯದೆ ಕೂತಿತ್ತು.

“ನಮ್ ಭಾವನೋರು ಬೆಂಗ್ಳೂರಲ್ಲಿ ಫ್ಯಾಕ್ಟ್ರೀಲಿದ್ರು, ಟ್ರೈನಿಂಗಿಗೆ ಅಂತ ರಷ್ಯಾಕ್ಕೆ ಕಳ್ಸಿದ್ರು. ಬರೋವಾಗ ಮಕ್ಳಿಗೆ ಅಂತ ತಂದ್ರು. ಮಕ್ಳು ಒಂದೆರಡು ಕುದ್ರೆ ಕಾಲು ಮುರಿದ್ಮೇಲೆ ನಾನು ಇಸ್ಕೊಂಡು ಗೊಂಬೆ ಪೆಟ್ಟಿಗೇಲಿ ಇಟ್ಬಿಟ್ಟೆ. ಇವ್ರು ಮಹಾರಾಜರ ಕುದ್ರೆ ದಂಡು ಕಣಪ್ಪ.”

ಅವರು ಹಾಗೆಂದಾಗ ನನ್ನ ಕಣ್ಣು ತುಂಬಿತು. ಮಹಾರಾಜರ ಕುದುರೆ ದಂಡು ನಿಜವಾಗಿ ಇತ್ತು, ಹೆಚ್ಚುಕಡಿಮೆ ಈ ಟೋಪಿ ಹುಟ್ಟಿದ ಕಾಲದಲ್ಲೇ ಸಮುದ್ರದಾಚೆ ಕಾದಾಡುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು. ಎದುರಿಗೆ ತುರ್ಕರ ತೋಪು, ಮೆಷಿನ್ ಗನ್ನು. ಇವರ ಕೈಯಲ್ಲಿ ಈಟಿ, ಕತ್ತಿ. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಕಂಚಿನ ಯೋಧರಲ್ಲಿ ಒಬ್ಬ ಮೈಸೂರಿನವನು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಸ್ಪೇನು, ಮೆಕ್ಸಿಕೋಗಳಿಂದ ಸವಾರರನ್ನು ತರಿಸಿಟ್ಟುಕೊಂಡ ನನ್ನ ಕಪಾಟಿನಲ್ಲಿ ಮೈಸೂರಿನ ಒಬ್ಬ ಲ್ಯಾನ್ಸರ್ ಇಲ್ಲ. ಈ ತಾಯಿ ಇದ್ದ ಸವಾರರಿಗೇ ಆ ಹೆಸರು ಕೊಟ್ಟು, ವರ್ಷ ವರ್ಷವೂ ಹೂವೇರಿಸಿ ಆರತಿ ಎತ್ತುತ್ತ ಬಂದಿದ್ದಾರೆ.

ಒಬ್ಬ ಸವಾರನನ್ನು ಕೊಡುತ್ತೀರಾ ಎಂದು ಕೇಳುವ ಮನಸ್ಸು ನಾಲಗೆಯ ತುದಿಯವರೆಗೆ ಬಂತು. ಅವರಿಗದು ತಿಳಿದುಹೋಯಿತೇನೋ. “ಪೆಟ್ಟಿಗೆಗೆ ವರ್ಷಕ್ಕೊಂದು ಗೊಂಬೆ ಸೇರಿಸ್ಬೇಕು ಕಣಪ್ಪ, ತೆಗೀಬಾರ್ದು,” ಎಂದು ತಟ್ಟೆ ತುಂಬ ಕಡಲೆಕಾಳು ಉಸಲಿ ಮುಂದಿಟ್ಟರು. ಜೇಬಿನಲ್ಲಿದ್ದ ಹಸಿರು ಸಿಪಾಯಿಯನ್ನು ತೋರಿಸಿದೆ. ತಿರುಗಿಸಿ ನೋಡಿ, ಶೆಟ್ಟರ ಅಂಗಡಿಯ ಬಾಗಿಲಿಗೆ ಕಾವಲು ಕೂರಿಸಿದರು.

ಮಾರನೆಯ ಬೆಳಗ್ಗೆ ಕುಣಿಗಲ್ಲಿಗೆ ಬಂದೆ. ಊರಿನ ಪಕ್ಕದಲ್ಲೇ ಕುದುರೆ ಫಾರಂ. ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಹುಟ್ಟಿದ್ದು, ಈಚೆಗೆ ರೇಸಿನ ಕುದುರೆಗಳಿಗೆ ಹೆಸರಾಗಿದ್ದು. ಬೇಲಿಯಾಚೆ ಹಳೆಯ ಮರಗಳ ನೆರಳಲ್ಲಿ ಒಂದು ಕಂದು ಕುದುರೆ ಕತ್ತು ಬಗ್ಗಿಸಿ ಮೇಯುತ್ತಿತ್ತು. ತಟ್ಟನೆ ತಲೆಯೆತ್ತಿ ಕಿವಿ ನಿಗುರಿಸಿತು, ಮುಂಗಾಲೊಂದು ಗಾಳಿಯಲ್ಲಿ. ಜಗತ್ತಿನ ಅಚ್ಚುಗಾರರೆಲ್ಲ ಆಟದ ಕುದುರೆಗೆ ಕೊಡುವ ಭಂಗಿ ಅದೇ. ಉಕ್ಕಿನಲ್ಲಿ ಕೊರೆದವನು ಯಾವುದೋ ದೇಶದಲ್ಲಿ ಇಂಥದೇ ಬೇಲಿಯ ಬಳಿ ನಿಂತು ನೋಡಿರಲೇಬೇಕು.

ಅಲ್ಲಿಂದ ಮದ್ದೂರಿನ ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಚನ್ನಪಟ್ಟಣ ಸೇರಿದೆ. ಆಲೆ ಮರವನ್ನು ಲೇತಿಗೆ ಕಟ್ಟಿ ತಿರುಗಿಸುತ್ತ, ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದಿದ್ದ ಕುಶಲಕರ್ಮಿಯೊಬ್ಬರ ಮುಂದೆ ಕೂತು ನನ್ನ ಬೇಡಿಕೆ ಇಟ್ಟೆ: ಮೈಸೂರು ಲ್ಯಾನ್ಸರ್, ಕುದುರೆ ಸಮೇತ. ತಿರುಗುವ ಬಿಸಿಗೆ ಅರಗು ಕರಗಿ ಮರವನ್ನು ತಬ್ಬಿತು. ಮೇಲೆ ತಾಳೆಗರಿ ಒತ್ತಿದ ಕೂಡಲೇ ಹೊಳಪು ಹತ್ತಿತು. ಅವರು ಕೈಕೆಲಸ ನಿಲ್ಲಿಸದೆ ಯೋಚಿಸಿದರು. ಲೇತಿನಲ್ಲಿ ಹುಟ್ಟುವುದೆಲ್ಲ ದುಂಡಗೆ. ಕುದುರೆಯ ಹೊಟ್ಟೆ, ಸವಾರನ ತಲೆ, ಪೇಟ ಸುಲಭ. ಕಾಲು ಬೇರೆ ತಿರುವಿ ಸಿಕ್ಕಿಸಬೇಕು. ಈಟಿ ಅಷ್ಟು ಸಣ್ಣದಾದರೆ ಮಕ್ಕಳ ಕೈಯಲ್ಲಿ ಮುರಿಯುತ್ತದೆ.

“ಆಡೋಕಾ ಸಾರ್, ಇಡೋಕಾ?”

“ಗೊಂಬೆ ಕೂರಿಸೋರಿಗೆ,” ಎಂದೆ.

“ಹಂಗಾದ್ರೆ ಈಟಿ ಉದ್ದಾನೇ ಮಾಡಣ. ಎಷ್ಟು ಬೇಕು?”

ಒಂದು ಸಿ.ಎಸ್. ಪುರಕ್ಕೆ, ಮುಂದಿನ ನವರಾತ್ರಿಗೆ. ಒಂದು ನನ್ನ ಕಪಾಟಿಗೆ. ಎರಡಕ್ಕೂ ಮುಂಗಡ ಕೊಟ್ಟು ಬಂದೆ.