ಜಗನ್ಮೋಹನದಲ್ಲಿ ಮೂರು ಬಗೆಯ ಬಣ್ಣ

ಮೈಸೂರಿಗೆ ಹೋದವರೆಲ್ಲ ದೊಡ್ಡ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ, ಸಂಜೆಗೆ ಬೃಂದಾವನ ಎಂದು ಓಡಾಡಿ, ಎರಡು ಮೊಳ ಮಲ್ಲಿಗೆ, ಒಂದು ಪೊಟ್ಟಣ ಮೈಸೂರು ಪಾಕು ಕಟ್ಟಿಸಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ದೊಡ್ಡ ಅರಮನೆಯಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಸಿಗುವ ಜಗನ್ಮೋಹನ ಅರಮನೆಗೆ ಹೋಗಿಬಂದೆವು ಅನ್ನುವವರು ನಮ್ಮ ಕಡೆ ಕಡಿಮೆ. "ಅಲ್ಲೇನಿದೆ, ಬರೀ ಪಟ ತಾನೆ" ಅಂತಾರೆ. ಆ ಪಟಗಳಿಗಾಗಿಯೇ ಒಂದು ಬೆಳಿಗ್ಗೆ ಇಟ್ಟುಕೊಳ್ಳಿ ಅಂತ ಹೇಳೋಕೇ ನಾನು ಈ ಲೇಖನ ಬರೆಯುತ್ತಿರುವುದು. ಅದರಲ್ಲೂ ನಿಮ್ಮ ಮನೆಯ ದೇವರ ಕೋಣೆಯಲ್ಲಿ ಅಜ್ಜಿ ಕಾಲದ ಪಟವೊಂದಿದ್ದರೆ ಖಂಡಿತ ಹೋಗಿ ಬನ್ನಿ.

ನಾನು ಕಲಾವಿದೆಯಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಯಾಗಿ ಅರಸೀಕೆರೆಗೆ ಬಂದವಳು. ಚಿತ್ರ ಬಿಡಿಸುವ ಆಸೆ ಮಾತ್ರ ಸ್ಕೂಲಿನ ದಿನದಿಂದ ಇತ್ತು. ರಂಗೋಲಿಯಲ್ಲಿ, ಹಸೆಯಲ್ಲಿ ತೀರುತ್ತಿತ್ತು. ನಮ್ಮ ಅತ್ತೆಯವರು ತವರಿನಿಂದ ತಂದ ಶ್ರೀರಾಮ ಪಟ್ಟಾಭಿಷೇಕದ ಪಟವೊಂದು ನಮ್ಮ ಮನೆಯಲ್ಲಿದೆ. ಅತ್ತೆಯವರ ಅಜ್ಜಿಯ ಕಾಲದ್ದಂತೆ. ಸೀತೆಯ ಸೀರೆ ಅಂಚಿಗೆ, ಸಿಂಹಾಸನಕ್ಕೆ ಚಿನ್ನದ ರೇಕು. ದೀಪದ ಹೊಗೆ ಹಿಡಿದು ಹಿಡಿದು ಹನುಮಂತ ಯಾರು, ಜಾಂಬವಂತ ಯಾರು ತಿಳಿಯದ ಹಾಗಾಗಿತ್ತು. 2011ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅದರ ಗಾಜೂ ಸೀಳಿತು. ಹೊಸ ಗಾಜು ಹಾಕಿಸೋಣವೆಂದು ಊರಿನ ಕಟ್ಟು ಹಾಕುವವರ ಹತ್ತಿರ ಒಯ್ದರೆ ಅವರು, "ಗಾಜು ಆಮೇಲೆ ಹಾಕೋಣ, ಮೊದಲು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒಂದು ಸಲ ಒರೆಸಿಬಿಡ್ತೀನಿ, ಫಳಫಳ ಅನ್ನತ್ತೆ" ಅಂದರು. ಅತ್ತೆಯವರಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಅವರ ತಮ್ಮ ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. "ತಮ್ಮಯ್ಯನಿಗೆ ತೋರಿಸದೆ ಒಂದು ತೊಟ್ಟು ನೀರೂ ತಾಗಿಸಕೂಡದು" ಎಂದು ಪಟವನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿಸಿದರು.

ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ರೈಲಿನಲ್ಲಿ ಹೋದೆವು. ತೆಂಗು ಮುಗಿದು ಭತ್ತದ ಗದ್ದೆ ಶುರುವಾಗುವ ಆ ದಾರಿ ನನಗೆ ಬಹಳ ಇಷ್ಟ. ಪಟ ಅತ್ತೆಯವರ ತೊಡೆಯ ಮೇಲೇ ಇತ್ತು, ಯಾರಿಗೂ ಕೊಡಲಿಲ್ಲ.

ಮಾವ ಪಟವನ್ನು ಬಿಚ್ಚಿ ನೋಡಿ ಏನೂ ಹೇಳಲಿಲ್ಲ. "ಅಕ್ಕ, ನಾಳೆ ಜಗನ್ಮೋಹನಕ್ಕೆ ಹೋಗಿ ಬರೋಣ. ಇದಕ್ಕೆ ಉತ್ತರ ಅಲ್ಲೇ ಸಿಗತ್ತೆ" ಅಂದರು. ಮೇಷ್ಟ್ರಾಗಿದ್ದವರು, ನೇರವಾಗಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ!

ಈ ಅರಮನೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1861ರಲ್ಲಿ. 1897ರಲ್ಲಿ ಹಳೇ ಮರದ ಅರಮನೆ ಬೆಂಕಿಗೆ ಸಿಕ್ಕಾಗ ರಾಜಮನೆತನದವರು ಇಲ್ಲಿಗೇ ಬಂದರು; ನಾಲ್ವಡಿಯವರ ಪಟ್ಟಾಭಿಷೇಕ 1902ರಲ್ಲಿ ನಡೆದದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ಕೆಳಗೆ ಸಿಪಾಯಿ ಗೊಂಬೆಗಳು ಕವಾಯತು ಮಾಡುವ ಒಂದು ಫ್ರೆಂಚ್ ಗಡಿಯಾರವಿತ್ತು. ನನ್ನ ಮಗಳು ಅದನ್ನು ಬಿಟ್ಟು ಕದಲಲಿಲ್ಲ. ಅಕ್ಕಿ ಕಾಳಿನ ಮೇಲಿನ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಲು ಅವಳಿಗೆ ಆತುರ. ಮಾವ ಮಾತ್ರ ನಮ್ಮನ್ನು ಸೀದಾ ರವಿವರ್ಮನ ಚಿತ್ರಗಳ ಮುಂದೆ ನಿಲ್ಲಿಸಿದರು.

ರವಿವರ್ಮನನ್ನು ನಿಮಗೆ ಪರಿಚಯಿಸಬೇಕಿಲ್ಲ. 1894ರಲ್ಲಿ ಆತ ಮುಂಬಯಿಯಲ್ಲಿ ಶುರು ಮಾಡಿದ ಅಚ್ಚುಕೂಟದ ಲಕ್ಷ್ಮಿ ಸರಸ್ವತಿಯರೇ ನಮ್ಮ ಅಜ್ಜಿಯಂದಿರ ಗೋಡೆಗಳಿಗೆ ಬಂದದ್ದು. 1906ರಲ್ಲಿ ತೀರಿಕೊಳ್ಳುವ ಮೊದಲು, ಕೊನೆಯ ವರ್ಷಗಳಲ್ಲಿ, ಮೈಸೂರು ಅರಮನೆಗಾಗಿಯೂ ಪುರಾಣದ ಚಿತ್ರಗಳನ್ನು ಬರೆದುಕೊಟ್ಟ. ಅಚ್ಚಿನಲ್ಲಿ ನೋಡಿದ್ದೇ ಬೇರೆ, ಎದುರಿಗೆ ನೋಡುವುದೇ ಬೇರೆ. ರೇಷ್ಮೆ ಸೀರೆಯ ನೆರಿಗೆ ಹೇಗೆ ಹೊಳೆಯುತ್ತದೆ ಎಂದರೆ, ಕೈ ಹಾಕಿದರೆ ಸರ್ರನೆ ಜಾರಬೇಕು. ನೆರಳಿನಿಂದ ಬೆಳಕಿಗೆ ಬರುವಾಗ ಎಲ್ಲಿ ಕಪ್ಪು ಮುಗಿಯಿತು, ಎಲ್ಲಿ ಕೆಂಪು ಶುರುವಾಯಿತು ಗೊತ್ತೇ ಆಗುವುದಿಲ್ಲ.

"ಇದು ತೈಲವರ್ಣ. ಬಣ್ಣದ ಪುಡೀನ ಅಗಸೆ ಎಣ್ಣೇಲಿ ಅರೆದದ್ದು" ಅಂದರು ಮಾವ. ಚಟ್ನಿಪುಡಿಗೆ ಹಾಕುತ್ತೇವಲ್ಲ, ಅದೇ ಅಗಸೆ! ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲವಂತೆ. ಗಾಳಿ ಕುಡಿದು ಗಟ್ಟಿಯಾಗುತ್ತದೆ. ಒಗ್ಗರಣೆ ಸಿಡಿದು ಸಿಡಿದು ಒಲೆಯ ಹಿಂದಿನ ಗೋಡೆ ಮೇಲೆ ಜಿಡ್ಡು ಅಂಟು ಕಟ್ಟಿ, ಎಷ್ಟು ಉಜ್ಜಿದರೂ ಬಿಡದ ಹಾಗೆ ಆಗುತ್ತದಲ್ಲ, ಹಾಗೇ ಅಂತಿಟ್ಟುಕೊಳ್ಳಿ. ಮುಟ್ಟಿದರೆ ಅಂಟದಷ್ಟು ಒಣಗಲು ದಿನಗಟ್ಟಲೆ ಬೇಕು. ಒಳಗಿನಿಂದ ಪೂರ್ತಿ ಒಣಗಲು ತಿಂಗಳುಗಳೇ ಬೇಕು. ಆ ನಿಧಾನದಲ್ಲೇ ಅದರ ಲಾಭ: ಹಸಿಯಾಗಿರುವಾಗ ಒಂದು ಬಣ್ಣವನ್ನು ಇನ್ನೊಂದರೊಳಕ್ಕೆ ತೀಡಿ ತೀಡಿ ಸೇರಿಸಬಹುದು. ಕಷ್ಟವೂ ಅಲ್ಲೇ. ಟರ್ಪೆಂಟೈನ್ ವಾಸನೆ, ಕುಂಚ ತೊಳೆಯುವ ಪಾಡು, ಒಣಗುವ ತನಕ ಮಕ್ಕಳ ಕೈಗೆ ಸಿಗದ ಜಾಗ. ನಮ್ಮಂಥ ಮೂರು ಅಂಕಣದ ಮನೆಯಲ್ಲಿ ಅದಕ್ಕೆ ಜಾಗ ಎಲ್ಲಿ ಬರಬೇಕು ಹೇಳಿ.

ಆಮೇಲೆ ದೀಪದ ಹೆಂಗಸಿನ ಚಿತ್ರ. ಆಗ ಅದಕ್ಕೆ ಬೇರೆಯೇ ಒಂದು ಕತ್ತಲ ಕೋಣೆ ಇತ್ತು. ಒಂದು ಕೈಯಲ್ಲಿ ದೀಪ, ಇನ್ನೊಂದು ಅಂಗೈ ಜ್ಯೋತಿಗೆ ಅಡ್ಡ, ಬೆರಳ ಸಂದಿನಲ್ಲಿ ಕೆಂಪಗೆ ಬೆಳಕು. ಅತ್ತೆಯವರು ಒಳಗೆ ಬಂದವರೇ ಹಿಂದೆ ತಿರುಗಿ, "ಬಾಗಿಲು ಮುಚ್ಚೇ, ಗಾಳಿಗೆ ಆರೀತು!" ಅಂದುಬಿಟ್ಟರು. ಅಲ್ಲಿದ್ದವರೆಲ್ಲ ನಕ್ಕರೂ ನನಗಂತೂ ಆ ಮಾತೇ ಆ ಚಿತ್ರಕ್ಕೆ ಕೊಟ್ಟ ದೊಡ್ಡ ಬಹುಮಾನ ಅನ್ನಿಸಿತು.

ಇದನ್ನೂ ರವಿವರ್ಮನದೆಂದು ಹೇಳುವವರು ಬಹಳ ಜನ. ಅಲ್ಲ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲ್ದಣಕರ್, ಬರೆದದ್ದು 1945-46ರಲ್ಲಿ, ಅಂದರೆ ರವಿವರ್ಮ ತೀರಿಕೊಂಡು ಸುಮಾರು ನಲವತ್ತು ವರ್ಷಕ್ಕೆ. ದೀಪ ಹಿಡಿದು ನಿಂತವರು ಅವರ ಮಗಳೇ, ಗೀತಾ. ಮೂರು ಗಂಟೆ ಹಾಗೇ ನಿಂತಿದ್ದರಂತೆ. ಆಕೆ 2018ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾವು ಅತ್ತೆ ಸೊಸೆ ಇಬ್ಬರೂ ಆ ಕೋಣೆಯನ್ನು ನೆನೆಸಿಕೊಂಡೆವು.

ಆಶ್ಚರ್ಯವೆಂದರೆ ಇದು ಎಣ್ಣೆಯ ಬಣ್ಣವಲ್ಲ, ಜಲವರ್ಣ. ಬಣ್ಣದ ಪುಡಿಗೆ ಗೋಂದು ಸೇರಿಸಿ, ನೀರಿನಲ್ಲಿ ತೆಳ್ಳಗೆ ಮಾಡಿ, ಕಾಗದದ ಮೇಲೆ ಹಾಯಿಸುವುದು. ಆ ಬಣ್ಣದೊಳಗಿಂದ ಕಾಗದದ ಬಿಳುಪು ಕಾಣುತ್ತಿರಬೇಕು. ಜಲವರ್ಣದಲ್ಲಿ ಬೆಳಕೆಂದರೆ ಆ ಕಾಗದವೇ ಹೊರತು ಬೇರೆ ಬಿಳಿ ಬಣ್ಣವಲ್ಲ. ಹಾಗಾಗಿ ಎಲ್ಲಿ ಬೆಳಕು ಬೇಕೋ ಆ ಜಾಗವನ್ನು ಮೊದಲೇ ಮನಸ್ಸಿನಲ್ಲಿ ಗುರುತು ಮಾಡಿಕೊಂಡು ಉಳಿಸಿಕೊಳ್ಳಬೇಕು. ತಿಳಿಯಿಂದ ಶುರುಮಾಡಿ ಗಾಢಕ್ಕೆ ಹೋಗಬಹುದು. ಗಾಢದಿಂದ ತಿಳಿಗೆ ಹಿಂದಿರುಗುವುದು ಬಹಳ ಕಷ್ಟ. ಸಾರಿಗೆ ಉಪ್ಪು ಹಾಕಿದ ಹಾಗೆ, ಬಿದ್ದದ್ದು ಬಿತ್ತು. ಇದನ್ನು ತಿಳಿದುಕೊಂಡು ಮತ್ತೆ ಒಂದು ಸಲ ಆ ಅಂಗೈಯನ್ನು ನೋಡಿದೆ. ಬೆನ್ನಿನಲ್ಲಿ ಚಳಿ ಹತ್ತಿದ ಹಾಗಾಯಿತು.

ಮೂರನೆಯದಕ್ಕೆ ಮಾವ ನಮ್ಮನ್ನು ಮೈಸೂರು ಶೈಲಿಯ ಹಳೇ ಚಿತ್ರಗಳ ಹತ್ತಿರ ಕರೆದುಕೊಂಡು ಹೋದರು. ಅತ್ತೆಯವರ ಮುಖ ಅರಳಿತು. ಎಲ್ಲ ನಮ್ಮ ಮನೆಯ ಪಟದ ಬಳಗವೇ! ಅದೇ ಹಸಿರು, ಅದೇ ತೆಳು ಚಿನ್ನದ ರೇಕು, ಅದೇ ದುಂಡು ಮುಖ.

ಇವುಗಳನ್ನು ಮಾಡುವ ಕ್ರಮ ಕೇಳಿ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲು ರೇಖೆ. ಚಿನ್ನ ಬರುವ ಕಡೆ ಸಫೇದ, ಗೋಂದು, ರೇವಲ್ಚಿನ್ನಿ ಹಾಲು ಕಲಸಿದ ಸರಿಯಲ್ಲಿ ಎಳೆ ಎಳೆಯಾಗಿ ಉಬ್ಬು ಕೆಲಸ. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನವರದು ದಪ್ಪ ಉಬ್ಬು, ಕಲ್ಲು ಕೂರಿಸುತ್ತಾರೆ. ನಮ್ಮವರದು ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ತೆಳುವು. (ನನ್ನನ್ನು ಕೇಳಿದರೆ ನಮ್ಮದೇ ಚೆಂದ.) 2005ರಲ್ಲಿ ಈ ಕಲೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಇನ್ನು ಬಣ್ಣ: ಅದೂ ಗೋಂದು ನೀರಿನದೇ, ಆದರೆ ಜಲವರ್ಣದ ಹಾಗೆ ತೆಳ್ಳಗಲ್ಲ. ಬಣ್ಣವನ್ನೇ ಹೆಚ್ಚಾಗಿ ತುಂಬಿ, ಬೇಕಾದಲ್ಲಿ ಬಿಳಿ ಸೇರಿಸಿ, ಕೆಳಗಿನದು ಕಾಣದ ಹಾಗೆ ಮುಚ್ಚಿ ಬಳಿಯುವುದು. ಇಂಥ ಮುಚ್ಚುಬಣ್ಣಕ್ಕೇ ಯೂರೋಪಿನವರು ಗ್ವಾಶ್ ಅನ್ನುತ್ತಾರಂತೆ. ಹೆಸರು ಅವರದಾದರೂ ಬಣ್ಣದ ಜಾತಿ ನಮ್ಮ ದೇವರ ಕೋಣೆಯಲ್ಲೇ ಇದೆ ಅನ್ನಿ.

"ಅಕ್ಕ, ಈಗ ಹೇಳು. ಗೋಂದು ನೀರಿಗೆ ಬಿದ್ದರೆ ಏನಾಗತ್ತೆ?" ಮಾವ ಕೇಳಿದರು.

"ಕರಗತ್ತೆ" ಅಂದರು ಅತ್ತೆಯವರು. ಅಂದವರೇ ಸುಮ್ಮನೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಬಾಣಂತಿಗೆ ಅಂಟಿನುಂಡೆ ಮಾಡುವವರಿಗೆ ಬಿಡಿಸಿ ಹೇಳಬೇಕೆ? ಅಂಥದೇ ಮರದ ಅಂಟು ಅದು. ಎಣ್ಣೆಯ ಬಣ್ಣ ಒಂದು ಸಲ ಗಟ್ಟಿಯಾದರೆ ನೀರಿಗೆ ಮತ್ತೆ ಕರಗದು. ಗೋಂದಿನ ಬಣ್ಣ ನೂರು ವರ್ಷ ಕಳೆದರೂ ನೀರು ತಾಗಿದರೆ ಎದ್ದು ಬರಬಹುದು. ಮನೆಗೆ ಬಂದು ಮಾವ ಪಟವನ್ನು ಕಟ್ಟಿನಿಂದ ಬಿಡಿಸಿ, ಚೌಕಟ್ಟಿನಡಿ ಮುಚ್ಚಿಹೋಗಿದ್ದ ಅಂಚಿನ ಒಂದು ಮೂಲೆಗೆ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಒದ್ದೆಯಾಯಿತೋ ಇಲ್ಲವೋ ಎಂಬಷ್ಟು ಮಾಡಿ ತಾಗಿಸಿದರು. ಹತ್ತಿಗೆ ಹಸಿರು ಬಂತು. ಸೋಪಿನ ಬಟ್ಟೆ ಆಡಿಸಿದ್ದರೆ ರಾಮ, ಸೀತೆ, ಪರಿವಾರ ಎಲ್ಲ ಬಕೆಟ್ಟಿಗೆ ಹೋಗುತ್ತಿದ್ದರು. ಈ ಪರೀಕ್ಷೆಯನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ; ತಿಳಿದವರ ಕೈಲೇ ಮಾಡಿಸಿ.

ಮಾವ ಮಾಡಿದ್ದು ಇಷ್ಟೇ. ಒಣಗಿದ ಮೆತ್ತನೆ ಕುಂಚದಿಂದ ಧೂಳು ತೆಗೆದರು. ರೇಕು ಎದ್ದ ಕಡೆ ಅದನ್ನೂ ತಾಗಿಸಲಿಲ್ಲ. ಹೊಗೆಯ ಕಪ್ಪು ಹಾಗೇ ಉಳಿಯಿತು, ಉಳಿಯಲಿ ಅಂದರು. ಗಾಜು ಬಣ್ಣಕ್ಕೆ ಅಂಟದ ಹಾಗೆ ಸುತ್ತ ದಪ್ಪ ರಟ್ಟಿನ ಪಟ್ಟಿ ಕೊಡಿಸಿ ಹೊಸ ಕಟ್ಟು ಹಾಕಿಸಿದರು. ಮಳೆ ಹೊಡೆಯುವ ಗೋಡೆಗೆ ತೂಗು ಹಾಕಬಾರದು, ನೇರ ಬಿಸಿಲು ಬೀಳಬಾರದು, ನಂದಾದೀಪ ಪಟದ ಕೆಳಗೇ ಇಡಬಾರದು. ಗಾಜಿಗೂ ನೀರು ಚಿಮುಕಿಸಬೇಡಿ, ಸಂದಿನಿಂದ ಒಳಗಿಳಿಯುತ್ತದೆ. ಯುಗಾದಿ, ದಸರೆಯ ಧೂಳು ಹೊಡೆಯುವಾಗ ಒದ್ದೆ ಬಟ್ಟೆ ಹಿಡಿದು ಎಲ್ಲ ಪಟವನ್ನೂ ಒಂದೇ ಸಮ ಒರೆಸುವವರು ನಾವೇ ತಾನೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಹೊರಡುವ ದಿನ ಮಾವ ನನ್ನ ಕೈಗೆ ಆರು ಸೀಸೆಯ ಒಂದು ಪೆಟ್ಟಿಗೆ ಇಟ್ಟರು. "ನೋಡಮ್ಮ, ನಿನ್ನೆಯಿಂದ ನಿನ್ನ ಕಣ್ಣು ನೋಡ್ತಾ ಇದೀನಿ. ಇದು ಪೋಸ್ಟರ್ ಕಲರ್. ಗ್ವಾಶಿನ ಬಡ ತಮ್ಮ ಅನ್ನು. ಇದರಲ್ಲೇ ಶುರು ಮಾಡು."

ಸಣ್ಣ ಊರಿನ ಅಂಗಡಿಯಲ್ಲಿ ಗ್ವಾಶ್ ಅಂದರೆ ಅವರು ಮುಖ ನೋಡುತ್ತಾರೆ, ಪೋಸ್ಟರ್ ಕಲರ್ ಅಂದರೆ ತಕ್ಷಣ ಕೊಡುತ್ತಾರೆ. ಬಹಳ ವರ್ಷ ಉಳಿಯಬೇಕಾದ ಚಿತ್ರಕ್ಕೆ ಒಳ್ಳೇ ಗ್ವಾಶ್ ಟ್ಯೂಬನ್ನೇ ತರಿಸಬೇಕು. ಅಗ್ಗದ್ದರಲ್ಲಿ ಕೆಲವು ಬಣ್ಣ ಬೆಳಕಿಗೆ ಮಾಸುತ್ತವೆ. ಕೈ ಪಳಗಿಸಲು ಸೀಸೆ ಸಾಕು. ಎಣ್ಣೆಯ ವಾಸನೆ ಇಲ್ಲ. ಕುಂಚ ನಲ್ಲಿ ನೀರಿಗೆ ಸ್ವಚ್ಛ. ಕುಕ್ಕರ್ ಮೂರನೇ ಸೀಟಿ ಹಾಕಿತು ಅನ್ನಿ, ಎದ್ದು ಹೋಗಿ ಒಲೆ ಆರಿಸಿ, ಅವರಿಗೆ ಊಟ ಬಡಿಸಿ ಬಂದು ಕೂರಿ. ತಟ್ಟೆಯಲ್ಲಿ ಒಣಗಿದ ಬಣ್ಣಕ್ಕೆ ನಾಲ್ಕು ಹನಿ ನೀರು ಬಿಟ್ಟರೆ ಮತ್ತೆ ಎದ್ದೇಳುತ್ತದೆ. ಜಲವರ್ಣದಲ್ಲಿ ಹಾಗೆ ಮಧ್ಯೆ ಎದ್ದರೆ ಹಸಿ ಬಣ್ಣದ ಅಂಚು ಒಣಗಿ ಗೆರೆ ಕಟ್ಟುತ್ತದೆ. ಇಲ್ಲಿ ಗೆರೆ ಕಟ್ಟಿದರೂ ಮೇಲೊಂದು ಪದರ ಬಳಿದರೆ ಮುಚ್ಚಿಹೋಯಿತು. ಕಪ್ಪಿನ ಮೇಲೂ ಬಿಳಿ ಬರೆಯಬಹುದು; ಕೆಂಪು ನೆಲದ ಮೇಲೆ ರಂಗೋಲಿ ಬಿಟ್ಟ ಕೈಗೆ ಅದು ಹೊಸದೇನಲ್ಲ.

ಹದ ಮಾತ್ರ ಗೊತ್ತಿರಬೇಕು. ನೀರು ಮಜ್ಜಿಗೆಯಷ್ಟು ತೆಳುವಾದರೆ ಕೆಳಗಿನದು ಇಣುಕುತ್ತದೆ. ಇಡ್ಲಿ ಹಿಟ್ಟಿನಷ್ಟು ದಪ್ಪ ಬಳಿದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ದೋಸೆ ಹಿಟ್ಟಿನ ಹದ ಸರಿ. ಮೇಲಿನ ಪದರಕ್ಕೆ ನೀರು ಹೆಚ್ಚಾಗಿ, ಕುಂಚವನ್ನು ಹಿಂದೆ ಮುಂದೆ ಉಜ್ಜಿದರೆ ಕೆಳಗಿನ ಬಣ್ಣವೂ ಕದಡಿ ಮೇಲೆ ಬರುತ್ತದೆ. ಒಂದೇ ಎಳೆತಕ್ಕೆ ಹಾಕಿ ಕೈ ತೆಗೆದುಬಿಡಿ. ಇನ್ನೊಂದು ವಿಚಿತ್ರ: ಒಣಗಿದ ಮೇಲೆ ತಿಳಿ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಗಾಢ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಅದಕ್ಕೆ ಮೊದಲು ರದ್ದಿ ಕಾಗದದಲ್ಲಿ ಒಂದು ಚುಕ್ಕೆ ಇಟ್ಟು ಒಣಗಿಸಿ ನೋಡಬೇಕು. ರವಿವರ್ಮನ ರೇಷ್ಮೆಯ ಹೊಳಪಾಗಲಿ, ಹಲ್ದಣಕರರ ಒಳಗಿನಿಂದ ಬರುವ ಬೆಳಕಾಗಲಿ ಇದರಲ್ಲಿ ಸಿಗುವುದಿಲ್ಲ; ಸುಣ್ಣ ಬಳಿದ ಗೋಡೆಯ ಹಾಗೆ ತಣ್ಣಗೆ ಕೂರುತ್ತದೆ. ನನಗೆ ಅದೇ ಒಗ್ಗಿತು.

ಜಗನ್ಮೋಹನಕ್ಕೆ ಹೋಗುವವರು ಯಾವ ಯಾವ ಅಂತಸ್ತು ತೆರೆದಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹಳೇ ಕಟ್ಟಡ, ರಿಪೇರಿ ಇದ್ದೇ ಇರುತ್ತದೆ. ಮುಮ್ಮಡಿಯವರ ಕಾಲದ ಭಿತ್ತಿಚಿತ್ರಗಳಿರುವ ರಂಗಮಹಲು ತೆರೆದಿದ್ದರೆ ಬಿಡಬೇಡಿ. ದಸರಾ ಮೆರವಣಿಗೆಯನ್ನು ಗೋಡೆಯ ಮೇಲೆ ನೋಡಬಹುದು.

ನನ್ನ ಹಲಗೆಯ ಮೇಲೆ ಈಗ ಅರ್ಧ ಆಗಿರುವುದು ನಮ್ಮ ಹಿತ್ತಲ ನುಗ್ಗೆ ಮರ. ಹಿಂದಿನ ಆಕಾಶ ಒಣಗಿದ ಮೇಲೆ ಕೊಂಚ ಕಂದಿದೆ. ನಾಳೆ ತಿಂಡಿ ಆದ ಮೇಲೆ ಬಿಳಿ ಕೂಡಿಸಿ ಇನ್ನೊಂದು ಕೈ ಹಾಕಬೇಕು.